ಹೊನ್ನಾವರದ ತಿಮ್ಮೋಜ: ಕಡಲುಗಳ್ಳನೋ, ಕಡಲಗಾವಲಿಗನೋ?

ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದ್ದೆಂಬುದು ತುಮಕೂರು ಸೀಮೆಯವರೆಲ್ಲ ಬಲ್ಲ ಸಂಗತಿ. ಅದಕ್ಕೂ ಮೂರು ಶತಮಾನಗಳ ಹಿಂದೆ ಕನ್ನಡನಾಡಿನ ಅರಸರಿಗೆ ಉತ್ತಮ ಯುದ್ಧಾಶ್ವಗಳು ಬೇಕಾದರೆ ಅವು ಅರೇಬಿಯಾ, ಹೊರ್ಮುಜ್‌ಗಳಿಂದ ಹಡಗುಗಳಲ್ಲಿಯೇ ಬರಬೇಕಾಗಿತ್ತು. 1472ರಲ್ಲಿ ಮಹಮೂದ್ ಗವಾನನು ಗೋವೆಯನ್ನು ಗೆದ್ದುಕೊಂಡ ಬಳಿಕ ವಿಜಯನಗರವು ಈ ವ್ಯಾಪಾರಕ್ಕೆ ಭಟ್ಕಳ, ಹೊನ್ನಾವರಗಳನ್ನು ಹೆಚ್ಚಾಗಿ ಆಶ್ರಯಿಸಿತು. ಗೋವೆಗೆ ಸಾಗುವ ಕುದುರೆ ಹಡಗುಗಳನ್ನು ತಡೆದು ತನ್ನ ಕಡೆಯ ಬಂದರುಗಳಿಗೆ ತಿರುಗಿಸುವ ಕಾರ್ಯದಲ್ಲಿ ಹೆಸರಾದವನು ಹೊನ್ನಾವರದ ತಿಮ್ಮೋಜ. ತಿಮ್ಮಯ್ಯ ಎಂಬ ರೂಪವೂ ಬಳಕೆಯಲ್ಲಿದೆ.

ಅವನ ಚರಿತ್ರೆ ನಮಗೆ ದೊರೆಯುವುದು ಬಹುಮಟ್ಟಿಗೆ ಪೋರ್ಚುಗೀಸರ ಬರವಣಿಗೆಯಿಂದ. ಅಲ್ಲಿ ಅವನು ಮೊದಲು ಕಾಣಿಸಿಕೊಳ್ಳುವುದೇ ದರೋಡೆಕೋರನಾಗಿ. 1498ರಲ್ಲಿ ವಾಸ್ಕೋ ಡ ಗಾಮನು ಕಾರವಾರದ ಸಮೀಪದ ಅಂಜುದೀವದಲ್ಲಿ ತಂಗಿದ್ದಾಗ ಇವನ ದೋಣಿಗಳು ಎಲೆಕೊಂಬೆಗಳ ಮರೆಯಲ್ಲಿ ಸಮೀಪಿಸಿದವೆಂದೂ ತೋಪುಗಳಿಗೆ ಬೆದರಿ ಹಿಮ್ಮೆಟ್ಟಿದವೆಂದೂ ಆ ಇತಿಹಾಸಕಾರರು ಹೇಳುತ್ತಾರೆ. ಇಲ್ಲಿ ದೃಷ್ಟಿಕೋನದ ಪ್ರಶ್ನೆಯೊಂದು ಏಳುತ್ತದೆ. ಹೊನ್ನಾವರದ ಅರಸನ ಆಶ್ರಯದಲ್ಲಿದ್ದು, ವಿಜಯನಗರದ ಹಿತಕ್ಕೆ ನೆರವಾಗುತ್ತಿದ್ದವನನ್ನು ಕೇವಲ ಕಳ್ಳನೆನ್ನುವುದು ಸಾಧುವಲ್ಲ. ಹಾಗೆಂದು ಅವನಿಂದ ಲೂಟಿಯಾದ ಹಡಗಿನ ವರ್ತಕನಿಗೆ ಈ ವ್ಯತ್ಯಾಸದಿಂದ ಯಾವ ಸಮಾಧಾನವೂ ದೊರೆಯುತ್ತಿರಲಿಲ್ಲ. ಇನ್ನು ಪೋರ್ಚುಗೀಸರಾದರೋ 16ನೆಯ ಶತಮಾನದ ಆರಂಭದಿಂದಲೇ ಕರ್ತಾಜ್ ಎಂಬ ರಹದಾರಿ ಪತ್ರವನ್ನು ಹಣ ಪಡೆದು ನೀಡತೊಡಗಿದರು. ಪತ್ರವಿಲ್ಲದ ಹಡಗನ್ನು ಸರಕುಸಮೇತ ಹಿಡಿಯುವುದು ಅವರ ಪಾಲಿಗೆ ನ್ಯಾಯವಾಗಿತ್ತು. ರಕ್ಷಣೆ ಮಾರುವವನೂ ದೋಚುವವನೂ ಒಬ್ಬನೇ ಆಗಿದ್ದ ಕಡಲದು.

1505ರಲ್ಲಿ ವೈಸರಾಯ್ ಅಲ್ಮೇಡನು ಹೊನ್ನಾವರದ ಮೇಲೆರಗಿ ಹಡಗುಗಳನ್ನು ಸುಟ್ಟಾಗ ಸಂಧಾನಕ್ಕೆ ಮುಂದೆ ಬಂದವನು ತಿಮ್ಮೋಜನೇ. ಅಲ್ಲಿಂದ ಅವನ ಬದುಕು ಬೇರೆ ದಿಕ್ಕು ಹಿಡಿಯಿತು. 1510ರ ಆರಂಭದಲ್ಲಿ ಅಲ್ಬುಕರ್ಕನು ಪಶ್ಚಿಮಾಭಿಮುಖವಾಗಿ ದಂಡಯಾತ್ರೆಗೆ ಹೊರಟಿದ್ದಾಗ, ಯೂಸುಫ್ ಆದಿಲ್ ಶಾಹನು ತೀರಿಕೊಂಡಿರುವುದರಿಂದ ಗೋವೆಯನ್ನು ವಶಪಡಿಸಿಕೊಳ್ಳಲು ಇದೇ ಸಕಾಲವೆಂದು ಸೂಚಿಸಿದವನು ಇವನು. ಫೆಬ್ರವರಿಯಲ್ಲಿ ಗೋವೆ ಹೆಚ್ಚು ಪ್ರತಿರೋಧವಿಲ್ಲದೆ ಕೈವಶವಾಯಿತು. ಅಲ್ಲಿನ ಹಿಂದೂ ಪ್ರಜೆಗಳ ಆಡಳಿತವೂ ಕಂದಾಯ ವಸೂಲಿಯೂ ತಿಮ್ಮೋಜನಿಗೆ ಲಭಿಸಿದವು. ಗೋವೆಯನ್ನೇ ತನಗೆ ಒಪ್ಪಿಸಿ ಕಪ್ಪ ಪಡೆಯುವರೆಂಬ ನಿರೀಕ್ಷೆ ಅವನಿಗಿದ್ದಂತೆ ತೋರುತ್ತದೆ. ಮೇ ತಿಂಗಳಲ್ಲಿ ಬಿಜಾಪುರದ ಸೇನೆ ಪೋರ್ಚುಗೀಸರನ್ನು ಹೊರದಬ್ಬಿತು; ನವೆಂಬರ್ 25ರಂದು ಅಲ್ಬುಕರ್ಕನು ನಗರವನ್ನು ಮರಳಿ ಗೆದ್ದನು.

ಈ ಬಾರಿ ತಿಮ್ಮೋಜನ ಅಧಿಕಾರ ಹೆಚ್ಚು ಕಾಲ ಉಳಿಯಲಿಲ್ಲ. ಅವನ ಸ್ಥಾನ ಹೊನ್ನಾವರದ ರಾಜಮನೆತನದ ಮಲ್ಹಾರರಾಯನಿಗೆ ಹೋಯಿತು. ಕೆಲವೇ ವರ್ಷಗಳಲ್ಲಿ ತಿಮ್ಮೋಜ ತೀರಿಕೊಂಡನು. ಹೊರ್ಮುಜ್‌ನಿಂದ ಕುದುರೆ ಹೊತ್ತು ಬರುವ ಹಡಗುಗಳೆಲ್ಲ ಗೋವೆಯಲ್ಲಿಯೇ ಇಳಿಯಬೇಕೆಂಬ ನೀತಿಯನ್ನು ಅಲ್ಬುಕರ್ಕನು ಅನುಸರಿಸಿದನು. ಯಾವ ವ್ಯಾಪಾರವನ್ನು ಹೊನ್ನಾವರ, ಭಟ್ಕಳಗಳತ್ತ ತಿರುಗಿಸಲು ತಿಮ್ಮೋಜ ಜೀವಮಾನವಿಡೀ ಹೆಣಗಿದ್ದನೋ ಅದು ಹೀಗೆ ಗೋವೆಯ ಪಾಲಾಯಿತು. ವಿಜಯನಗರವೂ ಬಿಜಾಪುರವೂ ಕುದುರೆಗಳಿಗಾಗಿ ಪೋರ್ಚುಗೀಸರೊಡನೆ ವ್ಯವಹರಿಸಬೇಕಾಯಿತು.