ಹೆಸರುಗಳನ್ನು ಕೊಟ್ಟ ವಿಜ್ಞಾನಿ

ಮೈಕೇಲ್ ಫ್ಯಾರಡೆಯು 1791ರಲ್ಲಿ ಇಂಗ್ಲೆಂಡಿನ ಬಡ ಕಮ್ಮಾರನೊಬ್ಬನ ಮಗನಾಗಿ ಜನಿಸಿದನು. ಶಾಲೆಯ ವಿದ್ಯೆ ಅವನಿಗೆ ಹೆಚ್ಚಾಗಿ ದೊರೆಯಲಿಲ್ಲ. 14ನೆಯ ವಯಸ್ಸಿನಲ್ಲಿ ಲಂಡನ್ನಿನಲ್ಲಿ ಪುಸ್ತಕ ಕಟ್ಟುವ ಕೆಲಸಕ್ಕೆ ಸೇರಿ, ಕಟ್ಟಲು ಬಂದ ಗ್ರಂಥಗಳನ್ನೇ ಓದಿ ವಿಜ್ಞಾನಕ್ಕೆ ಮನಸೋತನು. 1813ರಲ್ಲಿ ಹಂಫ್ರಿ ಡೇವಿಯ ಸಹಾಯಕನಾದನು.

ಆ ಕಾಲದಲ್ಲಿ, ವಿದ್ಯುತ್ತನ್ನು ಹಾಯಿಸಲು ದ್ರಾವಣದಲ್ಲಿ ಅದ್ದುವ ಲೋಹದ ತುದಿಗಳನ್ನು ಧ್ರುವಗಳೆಂದು ಕರೆಯುತ್ತಿದ್ದರು. ಅವು ಅಯಸ್ಕಾಂತದಂತೆ ಕಣಗಳನ್ನು ಸೆಳೆಯುತ್ತವೆಂಬ ಭಾವನೆಗೆ ಆ ಹೆಸರು ಎಡೆಮಾಡಿತ್ತು. ಅವು ವಿದ್ಯುತ್ತಿನ ಬಾಗಿಲುಗಳು ಮಾತ್ರವೆಂದು ಫ್ಯಾರಡೆ ಪ್ರಯೋಗಗಳಿಂದ ಕಂಡುಕೊಂಡನು. ತಪ್ಪು ಹೆಸರು ತಪ್ಪು ತಿಳಿವಳಿಕೆಗೆ ದಾರಿಯೆಂದರಿತು, ಗ್ರೀಕ್ ಬಲ್ಲ ವಿದ್ವಾಂಸ ವಿಲಿಯಂ ಹ್ಯೂವೆಲ್‌ನ ನೆರವನ್ನು ಸಂಕೋಚವಿಲ್ಲದೆ ಬೇಡಿದನು. ಹೀಗೆ 1834ರಲ್ಲಿ ಆನೋಡ್, ಕ್ಯಾಥೋಡ್, ಅಯಾನು ಎಂಬ ಪದಗಳು ಹುಟ್ಟಿದವು. ಅಯಾನು ಎಂದರೆ ಚಲಿಸುವಂಥದು. 1867ರಲ್ಲಿ ಫ್ಯಾರಡೆ ತೀರಿಕೊಂಡನು. ಅವನು ಬಳಕೆಗೆ ತಂದ ಹೆಸರುಗಳು ಇಂದಿಗೂ ವಿದ್ಯಾರ್ಥಿಗಳ ನಾಲಗೆಯ ಮೇಲಿವೆ.