ಹೆರ್ಮಾನ್ ಮೊಗ್ಲಿಂಗ್ ಅಯ್ಯನವರ ಚರಿತ್ರೆ

ಗದಗ-ಬೆಟಗೇರಿಯ ಸುತ್ತಲಿನ ಹಳ್ಳಿಗಳಲ್ಲಿ ಕುಮಾರವ್ಯಾಸನ ಭಾರತವನ್ನು ಓದಿಸಿ ಕೇಳುವ ವಾಡಿಕೆಯು ಬಹು ಹಳೆಯದು. ಗದುಗಿನ ವೀರನಾರಾಯಣನ ಗುಡಿಯಲ್ಲಿ ಕವಿಯು ಕುಳಿತು ಬರೆದನೆಂದು ಹೇಳುವ ಕಂಬವನ್ನು ಜನರು ಈಗಲೂ ತೋರಿಸುತ್ತಾರೆ. ಆದರೆ ಆ ಭಾರತದ ಒಂದು ಭಾಗವನ್ನು ಒಂದು ನೂರ ಎಪ್ಪತ್ತು ವರುಷಗಳಿಗೂ ಹಿಂದೆ ಅಚ್ಚಿಗೆ ಹಾಕಿಸಿದವರು ಸಮುದ್ರದ ಆಚೆಯಿಂದ ಸುವಾರ್ತೆ ಸಾರುವದಕ್ಕೆ ಬಂದ ಒಬ್ಬ ಬೋಧಕರೆಂಬದು ನಮ್ಮ ಸಭೆಗಳವರಲ್ಲಿಯೂ ಅನೇಕರಿಗೆ ತಿಳಿಯದು. ಅವರ ಹೆಸರು ಹೆರ್ಮಾನ್ ಮೊಗ್ಲಿಂಗ್. ಕಲಿಸುವದಕ್ಕೆಂದು ಬಂದ ಈ ಮನುಷ್ಯನು ಕೇಳುವವನಾದದ್ದು ಹೇಗೆ, ಅದರಿಂದ ಕನ್ನಡಿಗರಿಗೂ ಅವರ ಸ್ವಂತ ಬಾಳಿಗೂ ಏನಾಯಿತು ಎಂಬದನ್ನು ವಾಚಕರ ಮುಂದೆ ಇಡುತ್ತೇವೆ.

ಅವರು 1811ನೇ ಇಸವಿ ಮೇ 29ರಂದು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಚಿಕ್ಕ ಊರಲ್ಲಿ ಹುಟ್ಟಿ, ಟ್ಯೂಬಿಂಗೆನ್ ಪಟ್ಟಣದಲ್ಲಿ ವೇದಶಾಸ್ತ್ರವನ್ನು ಓದಿದರು. ಆ ದಿವಸಗಳಲ್ಲಿ ಟ್ಯೂಬಿಂಗೆನ್ ಕುದಿಯುವ ಎಸರಿನಂತಿತ್ತು. ಅಲ್ಲಿಯೇ ಕಲಿಸುತ್ತಿದ್ದ ಸ್ಟ್ರೌಸ್ ಎಂಬ ತರುಣ ಪಂಡಿತನು 1835ರಲ್ಲಿ ಯೇಸುವಿನ ಚರಿತ್ರೆಯನ್ನು ಹೊಸ ವಿಮರ್ಶೆಗೆ ಒಳಪಡಿಸಿ ಒಂದು ಗ್ರಂಥವನ್ನು ಪ್ರಕಟಿಸಲು, ದೇಶದ ಸಭೆಗಳೆಲ್ಲಾ ಕಂಪಿಸಿದವು. ಅದೇ ಮನೆಯಲ್ಲಿ ಓದಿದ ತರುಣರಲ್ಲಿ ಕೆಲವರು ನಂಬಿಕೆಯನ್ನು ಬಿಟ್ಟರು. ಕೆಲವರು ನಂಬಿಕೆಯು ಮಾತಿನಲ್ಲಿಲ್ಲ, ಬಾಳಿನಲ್ಲಿ ತೋರಬೇಕೆಂದು ದೂರದೇಶಗಳಿಗೆ ಹೊರಟರು. ಮೊಗ್ಲಿಂಗರೂ ಅವರ ಗೆಳೆಯ ಹೆರ್ಮಾನ್ ಗುಂಡರ್ಟರೂ ಎರಡನೆಯ ಗುಂಪಿನವರು. ಗುಂಡರ್ಟರು ಮುಂದೆ ಮಲೆಯಾಳ ಭಾಷೆಯ ನಿಘಂಟನ್ನು ಮಾಡಿದವರು.

ಕಂಪನಿ ಸರಕಾರವು 1833ರ ಸನದಿನಲ್ಲಿ ಪರದೇಶದ ಮಿಶನುಗಳಿಗೆ ಬಾಗಿಲು ತೆರೆದ ಮೇಲೆ, ಬಾಸೆಲ್ ಮಿಶನಿನ ಮೊದಲಿನ ಮೂವರು 1834ರಲ್ಲಿ ಮಂಗಳೂರಿಗೆ ಬಂದಿದ್ದರು. ಮೊಗ್ಲಿಂಗರು 1836ರ ಕೊನೆಯಲ್ಲಿ ಅವರನ್ನು ಕೂಡಿಕೊಂಡರು. ಕೆಲವು ತಿಂಗಳಾಗುವಷ್ಟರಲ್ಲಿಯೇ, 1837ರ ಎಪ್ರಿಲಿನಲ್ಲಿ, ಕಲ್ಯಾಣಪ್ಪನ ಕಡೆಯ ದಂಡು ಮಂಗಳೂರನ್ನು ಹಿಡಿದು ಸುಮಾರು ಎರಡು ವಾರ ಆಳಿತು. ಜನರ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯದೆ ಅವರ ನಡುವೆ ಇರುವದು ಎಂಥದೆಂಬ ಪಾಠವನ್ನು ಹೊಸಬರಿಗೆ ಇದಕ್ಕಿಂತ ಚೆನ್ನಾಗಿ ಯಾರು ಕಲಿಸಬಹುದಾಗಿತ್ತು?

ಇಷ್ಟರಲ್ಲಿ ಮಿಶನಿನ ಕೆಲಸವು ಘಟ್ಟದ ಮೇಲೆ ಹಬ್ಬಿತು: ಧಾರವಾಡದಲ್ಲಿ 1837, ಹುಬ್ಬಳ್ಳಿಯಲ್ಲಿ 1839, ಬೆಟಗೇರಿಯಲ್ಲಿ 1841. ಆಗಿನ ನಮ್ಮ ಸೀಮೆಯು ಹರಿದ ಕಂಬಳಿಯಂತೆ ಹಂಚಿಹೋಗಿತ್ತು. ಗದಗವೂ ಮುಂಡರಗಿಯೂ ಕಂಪನಿಯ ಧಾರವಾಡ ಜಿಲ್ಲೆಗೆ ಸೇರಿದ್ದವು; ಶಿರಹಟ್ಟಿಯು ಸಾಂಗಲಿಯವರದು, ಲಕ್ಷ್ಮೇಶ್ವರವು ಮಿರಜಿನವರದು. ಕಚೇರಿಯ ಕಾಗದವು ಮರಾಠಿಯಲ್ಲಿ, ಹೊಲದ ಮಾತು ಕನ್ನಡದಲ್ಲಿ. ಪುಲಿಗೆರೆಯೆಂಬ ಹಳೆಯ ಹೆಸರಿನ ಲಕ್ಷ್ಮೇಶ್ವರದ ಕನ್ನಡವನ್ನು ಒಂದು ಕಾಲಕ್ಕೆ ಪಂಪಕವಿಯು ತಿರುಳ್ಗನ್ನಡವೆಂದು ಎಣಿಸಿದ್ದನು. ಆ ಕನ್ನಡದವನೇ ತನ್ನ ತಕರಾರನ್ನು ಬರೆಯಿಸುವದಕ್ಕೆ ಬೇರೊಬ್ಬನ ಭಾಷೆಯನ್ನು ಆಶ್ರಯಿಸಬೇಕಾಗಿತ್ತು.

ಹುಬ್ಬಳ್ಳಿಯಲ್ಲಿ ಒಂದು ವಿಶೇಷ ಸಂಗತಿಯು ನಡೆಯಿತು. ಕಾಲಜ್ಞಾನದ ವಚನಗಳನ್ನು ನಂಬಿದ್ದ ಒಂದು ಪಂಥದವರು ಬೋಧಕರ ಬಳಿಗೆ ಬಂದು, ಪಡುವಲಿಂದ ಗುರುಗಳು ಬರುವರೆಂದು ತಮ್ಮ ಗ್ರಂಥಗಳಲ್ಲಿದೆ, ನೀವೇ ಅವರಾಗಿರಬೇಕೆಂದು ಹೇಳಿದರು. ಬೋಧಕರ ಆಶೆಯು ಮುಗಿಲಿಗೇರಿತು. ಇಂಥವರು ನೆಲೆಸುವದಕ್ಕಾಗಿ ಗದಗದ ಸಮೀಪದ ಮಲ್ಲಸಮುದ್ರದಲ್ಲಿ 1841ರಲ್ಲಿ ಒಂದು ಒಕ್ಕಲುತನದ ಠಾಣ್ಯವನ್ನು ಮಾಡಿದರು. ಮೊಗ್ಲಿಂಗರ ಮತವೂ ಆಗ ಬಲವಾಗಿತ್ತು. ದೊರೆಗಳ ಹಾಗೆ ಬಂಗಲೆಯಲ್ಲಿ ಕೂತರೆ ಜನರು ಹತ್ತಿರ ಬಾರರು, ಬೋಧಕನು ನಾಡಿನವರಂತೆ ಸರಳವಾಗಿ ಇರಬೇಕೆಂಬುದು ಅವರ ಪಕ್ಷವಾಗಿತ್ತು. ಆದರೆ ನೆನಸಿದಂತೆ ಜನರು ಬರಲಿಲ್ಲ. ಬಂದವರು ಒಂದು ನಿರೀಕ್ಷೆಯಿಂದ ಬಂದಿದ್ದರು, ಬೋಧಕರು ಬೇರೊಂದು ನಿರೀಕ್ಷೆಯಿಂದ ಕಾದಿದ್ದರು. ಒಬ್ಬರ ಗ್ರಂಥವನ್ನು ಇನ್ನೊಬ್ಬರು ಸರಿಯಾಗಿ ಓದಿರಲಿಲ್ಲ. ಮಲ್ಲಸಮುದ್ರದ ಆಶೆಯು ಮುರಿದುಬಿದ್ದಿತು. ನಮ್ಮ ಹೊಲಗಳ ಪಕ್ಕದಲ್ಲಿಯೇ ಆದ ಈ ಸೋಲನ್ನು ಮಿಶನಿನ ಚರಿತ್ರೆಗಳಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿಸುವದುಂಟು. ನನ್ನ ಎಣಿಕೆಯಲ್ಲಿ ಅದು ಅಷ್ಟಕ್ಕೆ ಮುಗಿಯತಕ್ಕದ್ದಲ್ಲ. ಈ ನಾಡಿನವರು ಏನನ್ನು ಓದುತ್ತಾರೆ, ಏನನ್ನು ಹಾಡುತ್ತಾರೆ, ಯಾವ ಮಾತಿಗೆ ಕಣ್ಣೀರಿಡುತ್ತಾರೆ ಎಂಬದನ್ನು ತಿಳಿಯದೆ ಯಾವ ಹೊಸ ಮಾತೂ ಬೇರೂರಲಾರದೆಂಬದು ಅಲ್ಲಿ ಬಯಲಾಯಿತು.

ಮೊಗ್ಲಿಂಗರು ಮಂಗಳೂರಿನಲ್ಲಿ ಹುಡುಗರ ಶಾಲೆಯನ್ನು ನಡಿಸುತ್ತಿರುವಾಗ ಕಲ್ಲಚ್ಚಿನ ಯಂತ್ರವು ಕೈಗೆ ಬಂದಿತು. ಅವರ ಸೋದರಸಂಬಂಧಿಯೂ ಜೊತೆಗೆಲಸದವರೂ ಆದ ಗೊಟ್‌ಫ್ರೀಡ್ ವೈಗಲ್ ಎಂಬವರು ಅದನ್ನು 1841ರಲ್ಲಿ ಮುಂಬಯಿಯಿಂದ ತಂದರು. ಕಲ್ಲಚ್ಚೆಂದರೆ ನಮ್ಮ ಹುಡುಗರಿಗೆ ಈಗ ಗೊತ್ತಾಗದು. ಜಿಡ್ಡಿನ ಮಸಿಯಿಂದ ಅಕ್ಷರಗಳನ್ನು ಕೈಯಾರೆ ಬರೆದು ನುಣುಪಾದ ಕಲ್ಲಿನ ಮೇಲೆ ಮೂಡಿಸುವರು; ಕಲ್ಲನ್ನು ನೀರಿನಿಂದ ತೋಯಿಸಿ ಮಸಿಯನ್ನು ಉರುಳಿಸಿದರೆ, ಜಿಡ್ಡು ಇದ್ದಲ್ಲಿ ಮಸಿಯು ಹತ್ತುವದು, ನೀರಿದ್ದಲ್ಲಿ ಹತ್ತದು. ಆ ಮೇಲೆ ಕಾಗದವನ್ನು ಒತ್ತಬೇಕು. ಮೊಳೆಯಚ್ಚಿಗಿಂತ ನಿಧಾನದ ಕೆಲಸ. ಆದರೂ ಬರೆಯುವವನ ಕೈಯಕ್ಷರವು ಹಾಗೆಯೇ ಇಳಿಯುವದರಿಂದ ಓಲೆಗರಿಯನ್ನೂ ಕೈಬರಹದ ಪುಸ್ತಕವನ್ನೂ ನೋಡಿದ ಕಣ್ಣಿಗೆ ಅದು ಪರಕೀಯವೆನಿಸಲಿಲ್ಲ.

ಈ ಕಲ್ಲಿನಿಂದಲೇ 1843ನೇ ಇಸವಿ ಜುಲಾಯಿ 1ರಂದು ಮಂಗಳೂರ ಸಮಾಚಾರವೆಂಬ ಪತ್ರಿಕೆಯು ಹೊರಟಿತು. ಕನ್ನಡದ ಮೊದಲನೆಯ ಸಮಾಚಾರಪತ್ರವೇ ಅದು. ನಾಲ್ಕು ಪುಟ, ಹದಿನೈದು ದಿವಸಕ್ಕೊಮ್ಮೆ, ಕ್ರಯವು ಒಂದು ದುಡ್ಡು. ಊರ ವರ್ತಮಾನ, ಸರಕಾರದ ನಿರೂಪಗಳು, ಪರರಾಜ್ಯಗಳ ಸುದ್ದಿ, ಕಥೆ, ಹಾಡು ಎಲ್ಲವೂ ಅದರಲ್ಲಿದ್ದವು. ಇದು ಎಷ್ಟರ ಮಾತೆಂದು ಯಾರಾದರೂ ಕೇಳಬಹುದು. ಆವರೆಗೆ ಸರಕಾರದ ಅಪ್ಪಣೆಯು ಹಳ್ಳಿಗೆ ಬರುತ್ತಿದ್ದದ್ದು ಶಾನುಭೋಗನ ಬಾಯಿಂದ. ಅವನು ಹೇಳಿದ್ದೇ ಕಾಯಿದೆ, ಮುಚ್ಚಿಟ್ಟದ್ದು ಇಲ್ಲದ ಕಾಯಿದೆ. ದೂರದ ಸುದ್ದಿಯು ಸಂತೆಯಲ್ಲಿ ಹುಟ್ಟಿ ಸಂತೆಯಲ್ಲಿ ಸಾಯುತ್ತಿತ್ತು. ಈಗ ಒಂದು ದುಡ್ಡು ಕೊಟ್ಟವನು, ಇಲ್ಲವೆ ಕೊಟ್ಟವನ ಪಕ್ಕದಲ್ಲಿ ಕೂತವನು, ಅದನ್ನೇ ತನ್ನ ಭಾಷೆಯಲ್ಲಿ ತಾನೇ ನೋಡಿ, ಇದು ಹೀಗಿಲ್ಲವಲ್ಲಾ ಎಂದು ಕೇಳಬಲ್ಲವನಾದನು. ಕೇಳುವದನ್ನು ಕಲಿತವನನ್ನು ಮೊದಲಿನ ಹಾಗೆ ನಡಿಸುವದು ಯಾರಿಗೂ ಸುಲಭವಲ್ಲ, ಸಭೆಯ ಹಿರಿಯರಿಗೂ ಅಲ್ಲ.

ಬೇಡಿಕೆಯು ಹೆಚ್ಚಿದ್ದರಿಂದ 1844ರಲ್ಲಿ ಪತ್ರಿಕೆಯು ಮೊಳೆಯಚ್ಚಿನ ಅನುಕೂಲವಿದ್ದ ಬಳ್ಳಾರಿಗೆ ಹೋಗಿ, ಕನ್ನಡ ಸಮಾಚಾರವೆಂಬ ಹೆಸರನ್ನು ತಾಳಿತು. ಅಲ್ಲಿ ಅದು ಬಹುಕಾಲ ಬಾಳಲಿಲ್ಲ. ಆದರೂ ಜುಲಾಯಿ 1ನೇ ತಾರೀಖನ್ನು ಕರ್ನಾಟಕದಲ್ಲಿ ಪತ್ರಿಕಾ ದಿನವೆಂದು ಆಚರಿಸುವದು ಈ ಚಿಕ್ಕ ಹಾಳೆಯ ನೆನಪಿಗಾಗಿಯೇ.

ಅದೇ 1844ರ ಆರಂಭದಲ್ಲಿ ಅವರ ಶಿಷ್ಯನಾದ ಆನಂದರಾವ್ ಕೌಂಡಿನ್ಯನೆಂಬ ಹತ್ತೊಂಬತ್ತು ವರುಷದೊಳಗಿನ ಬ್ರಾಹ್ಮಣ ತರುಣನು ದೀಕ್ಷಾಸ್ನಾನ ಹೊಂದಿದನು. ಮಂಗಳೂರಿನಲ್ಲಿ ದೊಡ್ಡ ಗದ್ದಲವೆದ್ದಿತು. ಹೊಸ ವಿಚಾರವು ಪುಸ್ತಕದಲ್ಲಿರುವ ತನಕ ಯಾರಿಗೂ ನೋವಿಲ್ಲ. ಅದು ಒಂದು ಮನೆಯ ಹೊಸ್ತಿಲನ್ನು ದಾಟಿದಾಗ ತಾಯಿಗೆ ಮಗನು ಸತ್ತಂತೆ, ಮಗನಿಗೆ ತವರೇ ಇಲ್ಲದಂತೆ. ನಮ್ಮ ಹಿರಿಯರಲ್ಲಿ ಇಂಥ ಹೊಸ್ತಿಲನ್ನು ದಾಟಿದವರಿದ್ದ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೌಂಡಿನ್ಯರು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಬೋಧಕರಾಗಿ ನೇಮಕ ಹೊಂದಿ ತಿರಿಗಿ ಬಂದರು. ಮೊಗ್ಲಿಂಗರಿಗೆ ಮಗನಂತೆಯೂ ಜೊತೆಗಾರನಂತೆಯೂ ಇದ್ದರು.

ಮೊಗ್ಲಿಂಗರ ಲೇಖನಿಯು ಈ ವರುಷಗಳಲ್ಲಿ ಎರಡು ವಿಧವಾಗಿ ನಡೆಯಿತು. ಒಂದು ಕಡೆಯಲ್ಲಿ ಈರಾರು ಪತ್ರಿಕೆಯೆಂಬ ಹನ್ನೆರಡು ಪತ್ರಗಳ ಪುಸ್ತಕ. ಅದು ನಾಡಿನ ಮತಗಳನ್ನು ಬಿರುಸಾಗಿ ವಾದಿಸಿ ಖಂಡಿಸುವ ಬರಹ. ಆ ಕಾಲಕ್ಕೆ ಅದು ಬೇಕಾಗಿತ್ತೆಂದು ಹೇಳುವವರಿದ್ದಾರೆ. ಆದರೆ ಬಿರುನುಡಿಯಿಂದ ಮನಸ್ಸು ತಿರುಗಿದವರಿಗಿಂತ ಬಾಗಿಲು ಮುಚ್ಚಿಕೊಂಡವರೇ ಹೆಚ್ಚೆಂಬದನ್ನು ಹಳ್ಳಿಗಳಲ್ಲಿ ತಿರುಗುವ ಉಪದೇಶಿಗಳು ಬಲ್ಲರು. ಇನ್ನೊಂದು ಕಡೆಯಲ್ಲಿ ಅದೇ ಕೈಯಿಂದ ಮತ್ತೊಂದು ಕೆಲಸವು ಬೆಳೆಯಿತು. ಅವರು ಗಾದೆಗಳನ್ನು ಕೂಡಿಸಿದರು. ಊರೂರಿನಲ್ಲಿದ್ದ ಓಲೆಗರಿಗಳನ್ನೂ ಕಾಗದದ ಪ್ರತಿಗಳನ್ನೂ ಹುಡುಕಿಸಿ ತರಿಸಿದರು. 1848ರಿಂದ ಬಿಬ್ಲಿಯೋಥೆಕಾ ಕರ್ನಾಟಿಕಾ, ಅಂದರೆ ಕನ್ನಡದ ಗ್ರಂಥಭಂಡಾರ, ಎಂಬ ಮಾಲೆಯನ್ನು ಹೊರಡಿಸಿದರು. ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು, ಗದುಗಿನ ಭಾರತದ ಒಂದು ಭಾಗ ಇವೆಲ್ಲಾ ಆ ಮಾಲೆಯವು. ವೆಚ್ಚವನ್ನು ಮದ್ರಾಸು ಸರಕಾರದ ದೊಡ್ಡ ಹುದ್ದೆಯಲ್ಲಿದ್ದ ಕ್ಯಾಸಮೇಜರ್ ಎಂಬ ದೊರೆಯು ಕೊಟ್ಟನು.

ಇದರ ಬೆಲೆಯನ್ನು ತಿಳಿಯಬೇಕಾದರೆ ಮೊದಲಿನ ಸ್ಥಿತಿಯನ್ನು ನೆನಸಬೇಕು. ಒಂದು ಕಾವ್ಯವು ಬೇಕಾದವನು ಅದು ಇರುವ ಮನೆಗೋ ಮಠಕ್ಕೋ ಹೋಗಿ, ಕೇಳಿಕೊಂಡು, ತಿಂಗಳುಗಟ್ಟಲೆ ಕೂತು ನಕಲು ಮಾಡಿಕೊಳ್ಳಬೇಕು. ನಕಲಿನಿಂದ ನಕಲಿಗೆ ತಪ್ಪು ಬೆಳೆಯುವದು. ಗೆದ್ದಲು ಹತ್ತಿದರೆ ಮೂಲವೇ ಹೋಗುವದು. ಕೊಡದವನ ಮನೆಯ ಗ್ರಂಥವು ಅವನ ಸಂಗಡಲೇ ಮಣ್ಣಾಗುವದು. ದಾಸರ ಪದಗಳಂತೂ ಹಾಡುವವರ ಬಾಯಲ್ಲಿಯೇ ಇದ್ದವು. ಇಂಥವುಗಳನ್ನು ಕಲ್ಲಿಗೆ ಏರಿಸಿದ್ದರಿಂದ ಒಂದೇ ಪಾಠವನ್ನು ಬೇರೆ ಬೇರೆ ಊರಿನವರು ನೋಡುವಂತಾಯಿತು. ಯಾವ ಜಾತಿಯವನೇ ಆಗಲಿ, ಓದು ಬಂದವನು ಹಣ ಕೊಟ್ಟು ಕೊಳ್ಳಬಹುದಾಯಿತು. ಕನ್ನಡಕ್ಕೆ ಒಂದು ಸಾಹಿತ್ಯವುಂಟೆಂದು ಕಚೇರಿಯವರಿಗೂ ಪರದೇಶದ ಪಂಡಿತರಿಗೂ ತೋರಿಸುವದಕ್ಕೆ ಕೈಯಲ್ಲಿ ಪುಸ್ತಕವಿತ್ತು.

ಸುವಾರ್ತೆಗೆಂದು ಕಳುಹಿಸಲ್ಪಟ್ಟವನು ಬಸವಪುರಾಣವನ್ನು ಅಚ್ಚುಹಾಕಿಸಬಹುದೋ ಎಂಬ ಪ್ರಶ್ನೆಯು ನಮ್ಮ ಸಭೆಗಳಲ್ಲಿ ಈಗಲೂ ಏಳುತ್ತದೆ. ಅವರು ಅದನ್ನು ಮೊದಲು ಮಾಡಿದ್ದು ಜನರನ್ನು ತಿಳಿಯುವದಕ್ಕಾಗಿಯೂ, ಹೊಸ ಬೋಧಕರಿಗೆ ಕನ್ನಡವನ್ನು ಕಲಿಸುವದಕ್ಕಾಗಿಯೂ ಇರಬಹುದು. ಆದರೆ ವರುಷಗಟ್ಟಲೆ ಒಂದು ಕಾವ್ಯದ ಪಾಠವನ್ನು ತಿದ್ದುತ್ತಾ ಕೂತವನಿಗೆ ಅದರ ಮೇಲೆ ಪ್ರೀತಿಯು ಹುಟ್ಟದೆ ಇರದು. ಪ್ರೀತಿ ಹುಟ್ಟಿತ್ತೆಂಬದಕ್ಕೆ ಸಾಕ್ಷಿಯು ಮುಂದೆ ಬರುವದು. ಅವರ ಕ್ರೈಸ್ತ ಸಂಗೀತಗಳು ಕನ್ನಡದ ಕಿವಿಗೆ ಒಗ್ಗಿದ್ದೂ ದಾಸರ ಪದಗಳನ್ನು ಕೇಳಿದ ಫಲವೇ ಸರಿ.

1853ರಲ್ಲಿ ಆಲಮಂಡ ಸೋಮಯ್ಯನೆಂಬ ಕೊಡವನು ದೀಕ್ಷಾಸ್ನಾನದಲ್ಲಿ ಸ್ತೆಫಾನನೆಂಬ ಹೆಸರನ್ನು ಹೊಂದಿದನು. ಮೊಗ್ಲಿಂಗರು ಅವನ ಸಂಗಡ ಕೊಡಗಿಗೆ ಹೋಗಿ ಅಲ್ಲಿಯೇ ನಿಂತರು. ಕೊಡಗಿನ ಜನರ ವಿಷಯವಾಗಿ 1855ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಬರೆದರು. ಅಲ್ಲಿನ ರಾಜರ ಚರಿತ್ರೆಯಾದ ರಾಜೇಂದ್ರನಾಮೆಯನ್ನು 1857ರಲ್ಲಿ ಅಚ್ಚುಹಾಕಿಸಿದರು. ಹೊಲೆಯರು ನೆಲೆನಿಂತು ದುಡಿದು ಬದುಕುವದಕ್ಕಾಗಿ ಅಲ್ಲಿ ಕಟ್ಟಿದ ಹಳ್ಳಿಗೆ ಕೌಂಡಿನ್ಯರ ಹೆಸರಿನಿಂದ ಆನಂದಪುರವೆಂದಾಯಿತು. ಬ್ರಾಹ್ಮಣನಾಗಿ ಹುಟ್ಟಿದವನ ಹೆಸರಿನ ಊರಲ್ಲಿ ಹೊಲೆಯರ ಮನೆಗಳೆದ್ದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಮಲ್ಲಸಮುದ್ರದಲ್ಲಿ ಆಗದೆಹೋದದ್ದು ಇಲ್ಲಿ ಸ್ವಲ್ಪ ಮಟ್ಟಿಗಾದರೂ ಆಯಿತು; ಇಲ್ಲಿ ಬಂದವರಿಗೆ ಬೇಕಾದದ್ದು ಏನೆಂಬದು ಬೋಧಕರಿಗೆ ತಿಳಿದಿತ್ತು.

ಈ ನಡುವೆ, ಸತ್ಯವೇದವನ್ನು ಕನ್ನಡಿಸುವದರಲ್ಲಿ ಬಹುವಾಗಿ ದುಡಿದ ವೈಗಲರು 1855ರಲ್ಲಿ ತೀರಿಕೊಂಡರು. ಅವರ ವಿಧವೆಯಾದ ಪೌಲೀನರಿಗೆ ನಾಲ್ಕು ಮಂದಿ ಮಕ್ಕಳಿದ್ದರು. ಒಬ್ಬಂಟಿಗರಾಗಿಯೇ ಅಲ್ಲಿಯ ತನಕ ನಡೆದಿದ್ದ ಮೊಗ್ಲಿಂಗರು ಆಕೆಯನ್ನು ಮದುವೆಯಾಗಿ ಆ ನಾಲ್ವರಿಗೆ ತಂದೆಯಾದರು. ವಿಧವೆಯ ಮದುವೆಯ ಮಾತನ್ನೆತ್ತಿದರೆ ಕಲ್ಲು ಬೀಳುವ ಕಾಲವದು. ವಿಧವೆಯರ ವಿವಾಹಕ್ಕೆ ಸರಕಾರದ ಕಾಯಿದೆಯಾದದ್ದು 1856ರಲ್ಲಿ. ಟ್ಯೂಬಿಂಗೆನಿನ ವಿಶ್ವವಿದ್ಯಾಲಯವು 1858ರಲ್ಲಿ ಅವರ ಕನ್ನಡದ ಕೆಲಸಕ್ಕಾಗಿ ಡಾಕ್ಟರ್ ಪದವಿಯನ್ನು ಕೊಟ್ಟಿತು. 1860ರಲ್ಲಿ ಅವರು ಕುಟುಂಬ ಸಮೇತ ಜರ್ಮನಿಗೆ ಹಿಂದಿರುಗಿದರು. ಮತ್ತೆ ಈ ನಾಡನ್ನು ಕಾಣಲಿಲ್ಲ.

ಊರಿಗೆ ಮುಟ್ಟಿದ ಮೇಲೆ ಅವರು ಕನ್ನಡವನ್ನು ಬಿಟ್ಟುಕೊಡಬಹುದಾಗಿತ್ತು. ಕೇಳುವವರು ಯಾರೂ ಇರಲಿಲ್ಲ. ಹೀಗಿದ್ದರೂ ದಾಸರ ಪದಗಳನ್ನೂ ಜೈಮಿನಿ ಭಾರತದ ಭಾಗಗಳನ್ನೂ ಜರ್ಮನ್ ಭಾಷೆಗೆ ತಿರುಗಿಸಿ, ಅಲ್ಲಿನ ಪೌರ್ವಾತ್ಯ ಪಂಡಿತರ ಪತ್ರಿಕೆಯಲ್ಲಿ 1860ರಿಂದ ಹತ್ತಾರು ವರುಷ ಪ್ರಕಟಿಸುತ್ತಾ ಬಂದರು. ಹಿಂದೆ ಹೇಳಿದ ಸಾಕ್ಷಿಯು ಇದೇ. ಇತ್ತ ಫರ್ಡಿನಾಂಡ್ ಕಿಟ್ಟೆಲರು ದೊಡ್ಡ ಕನ್ನಡ ನಿಘಂಟನ್ನು ಕಟ್ಟುವಾಗ, ಒಂದೊಂದು ಶಬ್ದಕ್ಕೆ ಬಳಕೆಯನ್ನು ತೋರಿಸುವದಕ್ಕೆ ಮೊಗ್ಲಿಂಗರು ಅಚ್ಚುಹಾಕಿಸಿದ್ದ ಕಾವ್ಯಗಳಿಂದಲೂ ಗಾದೆಗಳಿಂದಲೂ ಉದಾಹರಣೆಗಳನ್ನು ಆಯ್ದುಕೊಂಡರು. ಆ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಹೊರಟಿತು. ಅದರಲ್ಲಿ ಸುಮಾರು ಎಪ್ಪತ್ತು ಸಾವಿರ ಶಬ್ದಗಳಿವೆ.

ಅದನ್ನು ನೋಡುವದಕ್ಕೆ ಮೊಗ್ಲಿಂಗರು ಇರಲಿಲ್ಲ. ಅವರು 1881ನೇ ಇಸವಿ ಮೇ 10ರಂದು ಎಸ್ಲಿಂಗೆನ್ ಎಂಬ ಊರಲ್ಲಿ ತಮ್ಮ ಎಪ್ಪತ್ತನೆಯ ವರುಷದಲ್ಲಿ ತೀರಿಕೊಂಡರು. ಮರುವರುಷವೇ ಅವರ ಗೆಳೆಯರಾದ ಗುಂಡರ್ಟರು ಅವರ ಚರಿತ್ರೆಯನ್ನು ಬರೆದು ಪ್ರಕಟಿಸಿದರು. ಆ ಪುಸ್ತಕವು ಜರ್ಮನ್ ಭಾಷೆಯಲ್ಲಿದೆ.