‘ಸ್ಟೂಡೆಂಟ್’ ಕಲಿಸಿದ ಲೆಕ್ಕದ ಪಾಠ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳು ಹಿಸುಕಿದರೆ ಸಾಕೆಂಬುದು ನಮ್ಮ ಅಡುಗೆಮನೆಗಳ ಹಳೆಯ ಜ್ಞಾನ. ಇಂದಿನ ವ್ಯಾಪಾರಲೋಕ ಇಡೀ ಪಾತ್ರೆಯನ್ನೇ ಹಿಸುಕಲು ಹೊರಟಂತಿದೆ. ಗ್ರಾಹಕ ಏನನ್ನು ಕೊಂಡ, ಏನನ್ನು ನೋಡಿ ಕೈಬಿಟ್ಟ, ಯಾವ ಗಳಿಗೆಯಲ್ಲಿ ಹಣ ಪಾವತಿಸಿದ ಎಂಬುದೆಲ್ಲ ದಾಖಲಾಗುತ್ತಿದೆ. ಈ ಮಾಹಿತಿಯ ರಾಶಿಗೆ ಬಿಗ್ ಡೇಟಾ ಎಂದೂ, ಅದನ್ನು ಸೋಸಿ ನಿರ್ಧಾರಕ್ಕೆ ಒದಗಿಸುವ ವಿದ್ಯೆಗೆ ಬಿಸಿನೆಸ್ ಇಂಟೆಲಿಜೆನ್ಸ್ ಎಂದೂ ಹೆಸರು. ರಾಶಿ ದೊಡ್ಡದಾದಷ್ಟೂ ನಿರ್ಧಾರ ಸರಿಯಾಗುತ್ತದೆ ಎಂಬ ನಂಬಿಕೆಯೂ ಬೆಳೆಯುತ್ತಿದೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು, ಬಿಯರ್ ಕಾರ್ಖಾನೆಯ ಸೇವೆಯಲ್ಲಿಯೇ ಬದುಕು ಸವೆಸಿದ ವಿಲಿಯಂ ಸೀಲಿ ಗಾಸೆಟ್.

ಈ ಹೆಸರು ಅಪರಿಚಿತವೆನಿಸಿದರೂ ಆತನ ಗುಪ್ತನಾಮ ಸಂಖ್ಯಾಶಾಸ್ತ್ರ ಓದಿದವರಿಗೆಲ್ಲ ಗೊತ್ತು. ‘ಸ್ಟೂಡೆಂಟ್ಸ್ ಟಿ ಟೆಸ್ಟ್’ನ ಸ್ಟೂಡೆಂಟ್ ಈತನೇ. ಅದು ವಿದ್ಯಾರ್ಥಿಗಳಿಗೆಂದೇ ಸಿದ್ಧಪಡಿಸಿದ ಪರೀಕ್ಷೆಯೆಂದು ನಾನು ಬಹುಕಾಲ ಭಾವಿಸಿದ್ದೆ!

1876ರ ಜೂನ್ 13ರಂದು ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ ಜನಿಸಿದ ಗಾಸೆಟ್, ಆಕ್ಸ್‌ಫರ್ಡ್‌ನಲ್ಲಿ ಗಣಿತ, ರಸಾಯನಶಾಸ್ತ್ರಗಳನ್ನು ಕಲಿತು 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಸಂಸ್ಥೆಯನ್ನು ಸೇರಿದ. ಪ್ರತಿಭಾವಂತ ವಿಜ್ಞಾನ ಪದವೀಧರರನ್ನು ಬಿಯರ್ ತಯಾರಿಕೆಗೆ ನೇಮಿಸಿಕೊಳ್ಳುವುದು ಆ ಕಾಲದಲ್ಲಿ ಗಿನ್ನೆಸ್‌ನ ನೀತಿಯಾಗಿತ್ತು. ಯಾವ ತಳಿಯ ಬಾರ್ಲಿ ಲಾಭದಾಯಕ, ಹಾಪ್ಸ್ ಹೂವಿನ ಗುಣಮಟ್ಟವನ್ನು ಅಳೆಯುವುದು ಹೇಗೆ, ಯೀಸ್ಟ್ ಎಷ್ಟು ಬೆರೆಸಬೇಕು ಎಂಬ ಒಂದೊಂದು ಪ್ರಶ್ನೆಯ ಹಿಂದೆಯೂ ಅಪಾರ ಹಣವಿತ್ತು. ಉತ್ತರಿಸಲು ಆತನ ಕೈಯಲ್ಲಿದ್ದದ್ದು ಮಾತ್ರ ನಾಲ್ಕಾರು ಹೊಲಗಳ, ನಾಲ್ಕಾರು ಪ್ರಯೋಗಗಳ ಅಂಕಿಗಳು. ಅಂದಿನ ಸಂಖ್ಯಾಶಾಸ್ತ್ರವಾದರೋ ಅಳತೆಗಳು ಹೇರಳವಾಗಿದ್ದಾಗಲೇ ಭರವಸೆಯಿಂದ ಮಾತನಾಡುತ್ತಿತ್ತು.

ಈ ಕೊರತೆಯನ್ನು ಗಾಸೆಟ್ 1904ರಲ್ಲಿ ಆಂತರಿಕ ವರದಿಯೊಂದರ ಮೂಲಕ ಸಂಸ್ಥೆಯ ಗಮನಕ್ಕೆ ತಂದ. ಮರುವರ್ಷ ಖ್ಯಾತ ವಿದ್ವಾಂಸ ಕಾರ್ಲ್ ಪಿಯರ್ಸನ್‌ನನ್ನು ಭೇಟಿಯಾಗಿ, 1906-07ರಲ್ಲಿ ಲಂಡನ್ನಿನ ಆತನ ಪ್ರಯೋಗಾಲಯದಲ್ಲಿ ಅಧ್ಯಯನ ನಡೆಸಿದ. ಸಣ್ಣ ಮಾದರಿಗಳ ಸರಾಸರಿಯನ್ನು ಎಷ್ಟರಮಟ್ಟಿಗೆ ನಂಬಬಹುದು ಎಂಬುದೇ ಆತನನ್ನು ಕಾಡುತ್ತಿದ್ದ ಪ್ರಶ್ನೆ. ತನ್ನ ಸೂತ್ರವನ್ನು ಪರೀಕ್ಷಿಸಲು ಆತ ಹಿಡಿದ ದಾರಿ ಕುತೂಹಲಕರ. 3,000 ಅಪರಾಧಿಗಳ ಎತ್ತರ ಮತ್ತು ಎಡಗೈ ನಡುಬೆರಳಿನ ಉದ್ದದ ದಾಖಲೆಗಳನ್ನು ಚೀಟಿಗಳ ಮೇಲೆ ಬರೆದು, ಚೆನ್ನಾಗಿ ಕಲಸಿ, ನಾಲ್ಕು ನಾಲ್ಕರಂತೆ 750 ಗುಂಪು ಮಾಡಿ, ಪ್ರತಿ ಗುಂಪಿನ ಲೆಕ್ಕ ತೆಗೆದ. ಇಂದು ಕಂಪ್ಯೂಟರ್ ಕಣ್ಣುಮಿಟುಕಿಸುವಷ್ಟರಲ್ಲಿ ಮುಗಿಸುವ ಕೆಲಸವದು.

ಫಲಿತಾಂಶವು 1908ರಲ್ಲಿ ‘ಬಯೊಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟವಾಯಿತು. ವ್ಯಾಪಾರದ ಗುಟ್ಟು ಬಯಲಾದೀತೆಂಬ ಅಂಜಿಕೆಯಿಂದ ಗಿನ್ನೆಸ್ ತನ್ನ ನೌಕರರಿಗೆ ಸ್ವಂತ ಹೆಸರಿನಲ್ಲಿ ಬರೆಯಲು ಬಿಡುತ್ತಿರಲಿಲ್ಲ. ಹಾಗಾಗಿ ಲೇಖಕನ ಹೆಸರಿನ ಜಾಗದಲ್ಲಿ ‘ಸ್ಟೂಡೆಂಟ್’ ಎಂದಷ್ಟೇ ಇತ್ತು. ಮುಂದೆ ರೊನಾಲ್ಡ್ ಫಿಷರ್ ಈ ಸೂತ್ರಕ್ಕೆ ಕಟ್ಟುನಿಟ್ಟಾದ ಗಣಿತದ ಪುರಾವೆ ಒದಗಿಸಿ, 1925ರ ತನ್ನ ಗ್ರಂಥದ ಮೂಲಕ ಅದನ್ನು ಜಗತ್ತಿಗೆಲ್ಲ ಪರಿಚಯಿಸಿದ.

ನನ್ನನ್ನು ಹೆಚ್ಚು ಸೆಳೆಯುವುದು ಆ ಸೂತ್ರದ ಹಿಂದಿದ್ದ ವ್ಯವಹಾರಪ್ರಜ್ಞೆ. ಇನ್ನೊಂದು ಪ್ರಯೋಗ ನಡೆಸಿದರೆ ಖಚಿತತೆ ಹೆಚ್ಚುತ್ತದೆ, ನಿಜ, ಖರ್ಚೂ ಹೆಚ್ಚುತ್ತದೆ. ಎಷ್ಟು ಖಚಿತತೆ ಸಾಕೆಂಬುದನ್ನು ತೀರ್ಮಾನಿಸಬೇಕಾದದ್ದು ನಿರ್ಧಾರ ತಪ್ಪಿದರೆ ಆಗುವ ನಷ್ಟ ಎಂದು ಗಾಸೆಟ್ ತಿಳಿದಿದ್ದ. ಗಣಿತಜ್ಞ ಒಬ್ಬನೇ ಕುಳಿತು ಉತ್ತರಿಸಬಹುದಾದ ಪ್ರಶ್ನೆ ಇದಲ್ಲ.

ಆತನ ವಿವೇಕ ಪೂರ್ಣವಾಗಿ ಬೆಳಗಿದ್ದು ಹಾಲಿನ ಪ್ರಸಂಗವೊಂದರಲ್ಲಿ. 1930ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಶೈರ್‌ನಲ್ಲಿ ಸುಮಾರು 20,000 ಶಾಲಾಮಕ್ಕಳ ಮೇಲೆ ಭಾರಿ ಪ್ರಯೋಗ ನಡೆಯಿತು. ಅರ್ಧದಷ್ಟು ಮಕ್ಕಳಿಗೆ ನಾಲ್ಕು ತಿಂಗಳು ನಿತ್ಯ ಹಾಲು, ಉಳಿದರ್ಧಕ್ಕೆ ಇಲ್ಲ. ಆದರೆ ಮಕ್ಕಳನ್ನು ಅದಲುಬದಲು ಮಾಡಲು ಉಪಾಧ್ಯಾಯರಿಗೆ ಅವಕಾಶವಿತ್ತು. ಬಡಮಕ್ಕಳ ಮೇಲಿನ ಕನಿಕರದಿಂದ ಅವರು ಸೊರಗಿದವರನ್ನು ಹಾಲಿನ ಗುಂಪಿಗೆ ಸೇರಿಸಿರಬೇಕೆಂದು 1931ರ ಲೇಖನದಲ್ಲಿ ಗಾಸೆಟ್ ಊಹಿಸಿದ. ಹಾಲು ಪಡೆಯದ ಮಕ್ಕಳು ಆರಂಭದಲ್ಲಿಯೇ ಹೆಚ್ಚು ಎತ್ತರ, ಹೆಚ್ಚು ತೂಕವಿದ್ದರು. ತೂಕವನ್ನಾದರೂ ಬಟ್ಟೆಸಮೇತ ನೋಡಲಾಗಿತ್ತು: ಫೆಬ್ರವರಿಯ ಚಳಿಯಲ್ಲಿ ದಪ್ಪ ಉಡುಪು, ಜೂನ್‌ನಲ್ಲಿ ತೆಳು ಉಡುಪು. ಹೀಗೆ ಬದಲಿಸುವಷ್ಟು ಬಟ್ಟೆ ಬಡವರ ಮನೆಯಲ್ಲಿ ಎಲ್ಲಿಂದ ಬರಬೇಕು? ಇದರ ಬದಲು 50 ಜೋಡಿ ತದ್ರೂಪಿ ಅವಳಿಗಳನ್ನು ಹುಡುಕಿ, ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಹಾಲು ಕೊಟ್ಟಿದ್ದರೆ ತೀರ ಕಡಿಮೆ ಖರ್ಚಿನಲ್ಲಿ ಹೆಚ್ಚು ನಂಬಲರ್ಹ ಉತ್ತರ ದೊರೆಯುತ್ತಿತ್ತು ಎಂಬುದು ಆತನ ವಾದ.

1935ರಲ್ಲಿ ಗಿನ್ನೆಸ್‌ನ ಹೊಸ ಕಾರ್ಖಾನೆಯ ಹೊಣೆ ಹೊತ್ತು ಲಂಡನ್ನಿಗೆ ಹೋದ ಗಾಸೆಟ್, 1937ರ ಅಕ್ಟೋಬರ್ 16ರಂದು 61ನೇ ವಯಸ್ಸಿನಲ್ಲಿ ತೀರಿಕೊಂಡ. ಜಾಲತಾಣದ ಎರಡು ವಿನ್ಯಾಸಗಳಲ್ಲಿ ಯಾವುದು ಹೆಚ್ಚು ಗ್ರಾಹಕರನ್ನು ತರುತ್ತದೆಂದು ತೂಗಿ ನೋಡುವ ಕಂಪನಿಗಳು ಇಂದಿಗೂ ಆತನ ಪರೀಕ್ಷೆಯನ್ನು ಬಳಸುತ್ತವೆ. ಆತನ ಎಚ್ಚರವನ್ನೂ ಬಳಸುತ್ತವೆಯೇ? ಅಂಗಡಿಗೆ ಬಾರದವನ, ದೂರು ಕೊಡದೆ ಎದ್ದುಹೋದವನ, ಫೋನೇ ಇಲ್ಲದವನ ಅಂಕಿಗಳು ಎಷ್ಟೇ ದೊಡ್ಡ ರಾಶಿಯಲ್ಲಿಯೂ ಸಿಗಲಾರವು. ರಾಶಿ ಬೆಳೆದಂತೆ ಈ ಕುರುಡುತನ ಕರಗುವುದಿಲ್ಲ. ಅದಕ್ಕೊಂದು ಹುಸಿ ಆತ್ಮವಿಶ್ವಾಸ ಸೇರಿಕೊಳ್ಳುತ್ತದೆ. ಅನ್ನಕ್ಕೆ ಒಂದಗುಳು ಸಾಕು, ನಿಜ. ಆ ಅಗುಳನ್ನು ಪಾತ್ರೆಯ ಯಾವ ಮೂಲೆಯಿಂದ ತೆಗೆದೆವು ಎಂಬುದನ್ನು ಮಾತ್ರ ಮರೆಯಬಾರದು.